ಚೌಡಮ್ಮನಿಗೆ ಹೋದ ಉಂಗುರಗಳು

ಕಳೆದ ಭಾನುವಾರ ಬೆಳಿಗ್ಗೆ ಜನ್ನಾಪುರದ ನಮ್ಮ ಬೀದಿಯ ತುದಿಯಲ್ಲಿ ಯಾರೋ ಪುಕ್ಕ ಕಿತ್ತ ಕೋಳಿಯನ್ನು ಬೆಂಕಿಗೆ ಹಿಡಿದಿದ್ದರು. ಸಣ್ಣ ತುಪ್ಪುಳ ಸುಡುವ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಕೋಳಿ ಸುಟ್ಟರೂ ಬಾತು ಸುಟ್ಟರೂ ವಾಸನೆಯೇನೂ ಬೇರೆಯಿಲ್ಲ. ಆದರೆ ನನ್ನ ಮೂಗಿಗೆ ಅದು ಯಾವಾಗಲೂ ಬಾತಿನದ್ದೇ, ಅದೂ ಆ ಒಂದು ವರ್ಷದ್ದೇ. ಹಾಲು ತಂದವನು ಏನಾಯ್ತಕ್ಕಾ ಎಂದು ಕೇಳಿದ. ಏನಿಲ್ಲ ಎಂದು ಒಳಗೆ ಬಂದೆ.

ಆ ವರ್ಷ ಶುರುವಾದದ್ದು ವಸುಧಾಳಿಂದ. ಶಿವಮೊಗ್ಗದಲ್ಲಿ ಬಿಎಸ್ಸಿ ಓದುವಾಗ ನನ್ನ ಪಕ್ಕ ಕೂರುತ್ತಿದ್ದವಳು. ರವೀಂದ್ರನಗರದ ಸಂಸ್ಕೃತ ಮೇಷ್ಟ್ರ ಮಗಳು, ಈರುಳ್ಳಿ ಹೆಚ್ಚಿದ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚಿದರೂ ಮುಖ ಕಿವಿಚುವ ಮನೆತನ. ನಾನು ಭದ್ರಾವತಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರಾಗಿ, ಮದುವೆಯಾಗಿ, ಸಾರು ಮುದ್ದೆಯ ಸಂಸಾರದಲ್ಲಿ ಮುಳುಗಿದೆ. ಅವಳು ಮಾತ್ರ ಹಕ್ಕಿಗಳ ಬೆನ್ನು ಬಿಡಲಿಲ್ಲ. ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೆ ಉತ್ತರದಿಂದ ಬಂದಿಳಿಯುವ ಬಾತುಗಳನ್ನು ಅನುಮತಿ ಪಡೆದು ಹಿಡಿದು, ತೂಗಿ, ರೆಕ್ಕೆ ಅಳೆದು, ಕಾಲಿಗೊಂದು ಸಣ್ಣ ಅಲ್ಯೂಮಿನಿಯಂ ಉಂಗುರ ತೊಡಿಸಿ ಮತ್ತೆ ನೀರಿಗೆ ಬಿಡುವುದು ಅವಳ ಕೆಲಸ. ಹಿಂದಿನ ಚಳಿಗಾಲದಲ್ಲಿ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಒಂದು ಕೆರೆಯಲ್ಲಿ ಅಷ್ಟನ್ನೂ ಮಾಡಿ ಮುಗಿಸಿದ್ದಳು. ಕೆರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಮತ್ತೆ ಯಾರಾದರೂ ಹೋಗಿ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಪ್ರತಿ ಉಂಗುರದ ಮೇಲೂ ಒಂದು ಸಂಖ್ಯೆ ಇರುತ್ತದೆ. ಹಕ್ಕಿ ಎಲ್ಲೇ ಸತ್ತು ಸಿಕ್ಕರೂ ಆ ಸಂಖ್ಯೆಯನ್ನು ಯಾರಾದರೂ ತಿಳಿಸಿದರೆ ಅದು ಎಲ್ಲಿಂದ ಎಲ್ಲಿಗೆ ಹೋಗಿತ್ತು, ಎಷ್ಟು ವರ್ಷ ಬಾಳಿತು ಎಂದು ಗೊತ್ತಾಗುತ್ತದೆ. ಬೇರೆ ಕೆಲವು ದೇಶಗಳಲ್ಲಿ ಬಾತಿನ ಬೇಟೆಗೆ ಪರವಾನಗಿ ಉಂಟಂತೆ. ಹೊಡೆದವನೇ ಫೋನ್ ಮಾಡಿ ಸಂಖ್ಯೆ ಹೇಳುತ್ತಾನಂತೆ. ನಮ್ಮಲ್ಲಿ ಬಾತು ಹಿಡಿದರೆ ಕೇಸು. ಹಾಗಿರುವಾಗ ಫೋನ್ ಮಾಡುವುದೆಂದರೆ ಕಳ್ಳ ತಾನಾಗಿ ಠಾಣೆಗೆ ಹೋಗಿ ಬಾಗಿಲು ತಟ್ಟಿದ ಹಾಗೆ. ವಸುಧಾ ಆ ವರ್ಷ ತಿಳಿಯಬೇಕಾಗಿದ್ದದ್ದು ಇದನ್ನೇ: ಉಂಗುರ ಸಿಕ್ಕವರಲ್ಲಿ ಎಷ್ಟು ಜನ ಬಾಯಿ ಬಿಡುತ್ತಾರೆ?

ನಮ್ಮ ಮನೆಯ ಜಗಲಿಯಲ್ಲಿ ಕೂತು ಅವಳು ಇದನ್ನು ವಿವರಿಸಿದಾಗ ನಾನು ನಕ್ಕಿದ್ದೆ. ಇದಕ್ಕೂ ಓದು ಬೇಕಾ, ಯಾರೂ ಹೇಳುವುದಿಲ್ಲ ಎಂದು ನಾನೇ ಬರೆದು ಕೊಡುತ್ತೇನೆ ಎಂದೆ. ಅವಳು ನಗಲಿಲ್ಲ.

"ಒಂದು ಉಂಗುರದ ಸುದ್ದೀನೂ ಬರ್ಲಿಲ್ಲ ಅಂತಿಟ್ಕೋ. ಒಂದು ಹಕ್ಕೀನೂ ಸತ್ತಿಲ್ಲ ಅಂತ ಅರ್ಥನಾ, ಸತ್ತಿದ್ದನ್ನ ಯಾರೂ ಹೇಳ್ಲಿಲ್ಲ ಅಂತನಾ? ಎರಡೂ ಸೊನ್ನೆನೇ ಮಾರಾಯ್ತಿ. ಯಾವ ಸೊನ್ನೆ ಅಂತ ನಂಗೆ ಗೊತ್ತಾಗ್ಬೇಕು," ಎಂದಳು.

ಕರಪತ್ರ ಹಂಚಿದೆವು. ಉಂಗುರ ಸಿಕ್ಕವರು ಹೆಸರು ಹೇಳಬೇಕಾಗಿಲ್ಲ, ಸಂಖ್ಯೆ ತಿಳಿಸಿದರೆ ಸಾಕು ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದಳು. ಅವಳು ಕೆರೆಯಂಗಳದಲ್ಲೇ ಇರುತ್ತಿದ್ದುದರಿಂದ, ಅಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲವಾದ್ದರಿಂದ, ಕೆಳಗೆ ಹಾಕಿದ್ದು ನನ್ನ ನಂಬರು. ಫೋನುಗಳೇನೋ ಬಂದವು. ಒಬ್ಬರ ಗಿಣಿ ಹಾರಿಹೋಗಿತ್ತು. ಇನ್ನೊಬ್ಬರಿಗೆ ಪಾರಿವಾಳದ ಜೋಡಿ ಬೇಕಿತ್ತು. ಒಬ್ಬ ಹೆಂಗಸು ಮಗಳ ಉಂಗುರ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದುಹೋಯಿತೆಂದು ಅತ್ತಳು. ಬಾತಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ವಸುಧಾ ವಾರಕ್ಕೊಮ್ಮೆ ಬಂದು ಏನಾದರೂ ಬಂತಾ ಎನ್ನುತ್ತಿದ್ದಳು. ಇಲ್ಲ ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗತೊಡಗಿತು.

ನಾಚಿಕೆಗೆ ಇನ್ನೊಂದು ಕಾರಣವೂ ಇತ್ತು. ನನ್ನ ಮೈದುನ ರಮೇಶ ಹೆಂಡತಿ ಮಂಜುಳಾಳ ಜೊತೆ ನಮ್ಮ ಮನೆಯ ಪಕ್ಕದ ಪೋರ್ಷನ್ನಿನಲ್ಲೇ ಇದ್ದ. ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ. ಚಳಿಗಾಲದ ಭಾನುವಾರಗಳಲ್ಲಿ ಸ್ನೇಹಿತರ ಜೊತೆ ಅದೇ ಕೆರೆಗೆ ಹೋಗಿ ಬಲೆ ಕಟ್ಟುತ್ತಿದ್ದ. ಗೊಬ್ಬರದ ಚೀಲದಲ್ಲಿ ಬಾತು ಬರುತ್ತಿತ್ತು. ಅತ್ತೆಗೆ ಚಳಿ ಬಿದ್ದರೆ ಎದೆ ಕಟ್ಟುತ್ತದೆ. ಕಾಳುಮೆಣಸು ಹಾಕಿ ಕುದಿಸಿದ ಬಾತಿನ ಸಾರು ಕುಡಿದರೆ ಉಬ್ಬಸ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಹಿಡಿಯುವುದು ತಪ್ಪು ಎಂದು ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ ಹೇಳಿದ್ದುಂಟು. ಅತ್ತೆ ಒಂದು ಬಟ್ಟಲು ಸಾರು ತಂದು ನನ್ನ ಮುಂದಿಟ್ಟರು. ಸಾರು ಚೆನ್ನಾಗಿತ್ತು. ಅಲ್ಲಿಗೆ ನನ್ನ ಭಾಷಣ ಮುಗಿಯಿತು.

ಉಂಗುರ ಏನಾದರೂ ಸಿಕ್ಕಿದೆಯಾ ಎಂದು ರಮೇಶನನ್ನು ಕೇಳಿದೆ. ಅವನು ಯಾವತ್ತೂ ನನ್ನೆದುರು ಸುಳ್ಳು ಹೇಳಿದವನಲ್ಲ. ಆದರೆ ಅವತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತಾ, ಯಾವ ಉಂಗುರ ಅತ್ತಿಗೆ ಎಂದ. ನಾನು ಮುಂದೆ ಕೇಳಲಿಲ್ಲ.

ಉತ್ತರ ಸಿಕ್ಕಿದ್ದು ಕೆರೆ ಏರಿಯ ಮೇಲೆಯೇ. ಏರಿಯ ನಡುವೆ ಬೇವಿನ ಮರದ ಕೆಳಗೆ ಚೌಡಮ್ಮನ ಸಣ್ಣ ಗುಡಿ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಾನು ವಸುಧಾಳಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಗುಡಿಯ ಕಟ್ಟೆಯ ಮೇಲೆ ಕೂತು ಉಣ್ಣುವಾಗ ಪೂಜಾರಿ ತಿಮ್ಮಣ್ಣ ಬಂದರು. ಏರಿಯ ಕೆಳಗೆ ಗದ್ದೆ ಮಾಡಿಕೊಂಡು, ಮಂಗಳವಾರ ಶುಕ್ರವಾರ ಅಮ್ಮನಿಗೆ ಪೂಜೆ ಮಾಡುವವರು. ನಮ್ಮ ಕರಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲಿದ್ದ ಉಂಗುರದ ಚಿತ್ರದ ಮೇಲೆ ಬೆರಳಿಟ್ಟರು.

"ಇವಾ? ಇವು ಅಮ್ಮನತ್ರ ಇದಾವಲ್ಲ," ಎಂದರು.

ವಸುಧಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ತಿಮ್ಮಣ್ಣ ನಿಧಾನವಾಗಿ ಹೇಳಿದರು. ನಮ್ಮ ಕಡೆ ಹರಕೆ ಹೊತ್ತವರು ಕೋಳಿಯ ಕಾಲಿಗೆ ದಾರ ಕಟ್ಟಿ ಬಿಡುತ್ತಾರೆ, ಕೋಣದ ಕರುವಿಗೆ ಗುರುತು ಹಾಕಿ ಬಿಡುತ್ತಾರೆ. ಗುರುತಿದ್ದ ಪ್ರಾಣಿ ದೇವರದ್ದು, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಕಾಲಿಗೆ ಬಳೆ ಹಾಕಿದ ಬಾತು ಅಂದರೆ ಯಾರೋ ಯಾವುದೋ ದೇವರಿಗೆ ಬಿಟ್ಟಿದ್ದೇ ಇರಬೇಕು. ಬಲೆಯಲ್ಲಿ ಹತ್ತಾರು ಒಟ್ಟಿಗೆ ಬಿದ್ದಾಗ ಯಾರು ಕಾಲು ನೋಡುತ್ತಾರೆ? ಕತ್ತು ಮುರಿದು, ಪುಕ್ಕ ಕೀಳುವಾಗ ಕಣ್ಣಿಗೆ ಬೀಳುತ್ತದೆ. ಆಗ ಹೆದರಿ, ಉಂಗುರ ಬಿಚ್ಚಿ, ಒಂದು ನಾಣ್ಯದ ಜೊತೆ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ತಪ್ಪು ಕಾಣಿಕೆ ಎಂದು ಚೌಡಮ್ಮನ ಹುಂಡಿಗೆ ಹಾಕಿ ಹೋಗುತ್ತಾರೆ. ಹಾಕದೆ ಇಟ್ಟುಕೊಂಡವನು ಉಳಿದದ್ದನ್ನು ತಿಮ್ಮಣ್ಣ ಕಂಡಿಲ್ಲವಂತೆ.

ಎಲ್ಲ ಹೇಳಿದ ಮೇಲೆ ಅವರು ವಸುಧಾಳನ್ನು ಕೇಳಿದರು: "ನೀವೇನಾ ತಾಯಿ ಅವನ್ನ ಬಿಟ್ಟಿದ್ದು? ಯಾವ ದೇವ್ರಿಗೆ?"

ಅವಳು ಕೈಯ ತುತ್ತನ್ನು ಬುತ್ತಿಗೆ ಹಾಕಿ ಮುಚ್ಚಳ ಮುಚ್ಚಿದಳು. ಬಸ್ಸಿಗೆ ಕಾಯುವಾಗ ನಾನು ತಮಾಷೆ ಮಾಡಲು ನೋಡಿದೆ. ಅವಳು ತನ್ನಷ್ಟಕ್ಕೆ ಹೇಳಿಕೊಳ್ಳುವವಳಂತೆ, "ಹಾಗಾದ್ರೆ ಎಲ್ರೂ ಹೇಳ್ತಾ ಇದಾರೆ. ನಮಗೆ ಹೇಳ್ತಿಲ್ಲ ಅಷ್ಟೇ," ಎಂದಳು.

ಹುಂಡಿ ತೆರೆಯುವುದು ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ. ಅಮ್ಮನಿಗೆ ಹೋದದ್ದನ್ನು ವಾಪಸು ಕೊಡುವ ಪದ್ಧತಿ ಇಲ್ಲವೆಂದು ಗುಡಿ ಸಮಿತಿಯವರು ಖಡಾಖಂಡಿತವಾಗಿ ಹೇಳಿದರು. ನಾವು ಗೋಗರೆದೆವು. ಕೊನೆಗೆ, ಮುಟ್ಟಿ ನೋಡಬಹುದು, ಒಯ್ಯುವ ಹಾಗಿಲ್ಲ ಎಂಬಲ್ಲಿಗೆ ಒಪ್ಪಂದವಾಯಿತು. ಆ ಬೆಳಿಗ್ಗೆ ಗುಡಿಯ ಮುಂದೆ ಜಮಖಾನ ಹಾಸಿ ಹುಂಡಿ ಬೋರಲು ಹಾಕಿದರು. ನೋಟು, ಚಿಲ್ಲರೆ, ಬೆಳ್ಳಿಯ ಕಣ್ಣುಗಳು, ಒಂದು ತೊಟ್ಟಿಲ ಗೊಂಬೆ. ಅವುಗಳ ನಡುವೆ ಅರಿಶಿನ ಬಟ್ಟೆಯ ಪುಟ್ಟ ಗಂಟುಗಳು. ತಿಮ್ಮಣ್ಣ ಒಂದೊಂದೇ ಬಿಚ್ಚಿ ಉಂಗುರವನ್ನು ತಟ್ಟೆಗೆ ಹಾಕಿದರು.

ವಸುಧಾ ಸಂಖ್ಯೆ ಓದಿದಳು, ನಾನು ಬರೆದುಕೊಂಡೆ. ಮೊದಮೊದಲು ಅವಳ ದನಿಯಲ್ಲಿ ಗೆಲುವಿತ್ತು. ಇಡೀ ಚಳಿಗಾಲ ಕಾದ ವಸ್ತು ಕೈಗೆ ಬಂದಾಗ ಯಾರಿಗಾದರೂ ಹಾಗಾಗುತ್ತದೆ. ಆಮೇಲೆ ದನಿ ಇಳಿಯುತ್ತಾ ಬಂತು. ಕೆಲವು ಸಂಖ್ಯೆಗಳು ಅವಳಿಗೆ ಬಾಯಿಪಾಠವಾಗಿದ್ದವು. ಇದು ನನ್ನ ಕೈ ಕಚ್ಚಿದ್ದು ಎಂದಳು. ಇದನ್ನ ಬಿಟ್ಟಾಗ ಹಾರದೆ ನನ್ನ ಕಾಲಬುಡದಲ್ಲೇ ಕೂತಿತ್ತು ಎಂದಳು. ತಟ್ಟೆ ತುಂಬುತ್ತಾ ಹೋಯಿತು. ಅವಳು ತೊಡಿಸಿದ್ದರಲ್ಲಿ ದೊಡ್ಡದೊಂದು ಪಾಲು ಅಲ್ಲಿತ್ತು. ಸಮಿತಿಯವರು ಸಂತೋಷದಿಂದ ನಮಗೆ ಚಹಾ, ಮಂಡಕ್ಕಿ ತರಿಸಿದರು. ಅಷ್ಟು ಕಾಣಿಕೆ ಬಂದದ್ದಕ್ಕೆ ಮೇಡಂ ಖುಷಿಯಾಗಿದ್ದಾರೆ ಎಂದುಕೊಂಡಿದ್ದರು.

ಮುಗಿದ ಮೇಲೆ ಅವಳು ಏರಿಯ ಕಲ್ಲಿನ ಮೇಲೆ ಕೂತಳು. ನೀರು ಇಳಿದು ಕೆಸರು ಬಿರುಕು ಬಿಟ್ಟಿತ್ತು, ಉಳಿದ ಬಾತುಗಳು ದೂರದ ಹೊಂಡದಲ್ಲಿದ್ದವು.

"ಯಾವ ಸೊನ್ನೆ ಅಂತ ಗೊತ್ತಾಯ್ತು. ಈಗೇನು ಮಾಡ್ಲಿ?" ಎಂದಳು.

ಅವಳ ಓದಿಗೆ ಉಂಗುರಗಳು ಎಷ್ಟು ಹೆಚ್ಚು ಸಿಕ್ಕರೆ ಅಷ್ಟು ಒಳ್ಳೆಯದು, ಹಕ್ಕಿಗಳಿಗೆ ಅಷ್ಟು ಕೆಟ್ಟದ್ದು. ತಟ್ಟೆಯಲ್ಲಿದ್ದವುಗಳಲ್ಲಿ ಒಂದೆರಡಾದರೂ ನಮ್ಮ ಮನೆಯ ಒಲೆಯನ್ನು ದಾಟಿ ಬಂದವೇ ಇರಬೇಕು ಎಂದು ನನಗೆ ಹೊಳೆದಿತ್ತು. ಅವಳಿಗೂ ಹೊಳೆದಿತ್ತೋ ಏನೋ, ಕೇಳಲಿಲ್ಲ. ಅವಳ ಆ ದೊಡ್ಡತನ ಆಗ ನನ್ನನ್ನು ಚುಚ್ಚಿತು.

ವಸುಧಾ ತನ್ನ ವರದಿಯಲ್ಲಿ ಊರಿನ ಹೆಸರು, ಗುಡಿಯ ಹೆಸರು ಎರಡನ್ನೂ ಹಾಕಲಿಲ್ಲ. ಅವಳು ಎಷ್ಟು ಹುಷಾರಾಗಿದ್ದರೇನು, ಸಮಿತಿಯವರೊಬ್ಬರು ಹೆಮ್ಮೆಯಿಂದ ಪೇಪರಿನವರಿಗೆ ಹೇಳಿಬಿಟ್ಟರು. ದೇವಿಗೆ ವಿದೇಶಿ ಹಕ್ಕಿಗಳ ಉಂಗುರ ಕಾಣಿಕೆ ಎಂದು ಫೋಟೋ ಸಮೇತ ಬಂತು. ನಮ್ಮ ಗುಡಿಗೆ ಎಂಥೆಂಥ ಕಾಣಿಕೆ ಬರುತ್ತದೆ ನೋಡಿ ಎಂದು ತೋರಿಸುವುದಷ್ಟೇ ಅವರ ಉದ್ದೇಶ. ಓದಿದವರು ಮಾತ್ರ ಅಷ್ಟಕ್ಕೇ ನಿಲ್ಲಲಿಲ್ಲ. ಅರಣ್ಯ ಇಲಾಖೆಯವರು ಬಂದರು. ಅವರದ್ದು ತಪ್ಪೆಂದು ನಾನು ಹೇಳಲಾರೆ. ಅಷ್ಟು ಬಾತು ಸತ್ತದ್ದು ಗೊತ್ತಾದ ಮೇಲೆ ಸುಮ್ಮನೆ ಕೂತಿದ್ದರೆ ಅದು ತಪ್ಪಾಗುತ್ತಿತ್ತು. ತಿಮ್ಮಣ್ಣನನ್ನು ಕರೆಸಿ, ಯಾರು ಯಾರು ಹಾಕಿದ್ದು ಎಂದು ಕೇಳಿದರಂತೆ. ಕಾಣಿಕೆ ಹಾಕಿದವರ ಹೆಸರು ಅಮ್ಮನಿಗೆ ಗೊತ್ತು, ನನಗೆ ಗೊತ್ತಿಲ್ಲ ಎಂದು ಹೇಳಿ ಬಂದರಂತೆ. ಬಂದ ಮೇಲೆ ನಮ್ಮ ಮುಖ ನೋಡುವುದನ್ನೇ ಬಿಟ್ಟರು. ಮಳೆಗಾಲ ಮುಗಿದು ಬಾತುಗಳು ಮತ್ತೆ ಇಳಿಯುವ ಹೊತ್ತಿಗೆ ಗುಡಿಯ ಪಕ್ಕ ಇಲಾಖೆಯ ಒಬ್ಬ ವಾಚರ್ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ.

ಬಲೆ ನಿಂತಿತೇ? ಎಲ್ಲಿಯ ಮಾತು. ಏರಿಯ ಕಡೆಯಿಂದ ಹಿನ್ನೀರಿನ ಜೊಂಡಿಗೆ ಹೋಯಿತು. ನಿಂತದ್ದು ತಪ್ಪು ಕಾಣಿಕೆ ಮಾತ್ರ. ಉಂಗುರಗಳನ್ನು ಜನ ಕೆಸರಿಗೆ ತುಳಿದರೋ ಚರಂಡಿಗೆ ಎಸೆದರೋ ಯಾರಿಗೂ ತಿಳಿಯದು.

ಮಂಜುಳಾ ಬಸುರಿಯಾದದ್ದು ಅದೇ ವರ್ಷ, ಮದುವೆಯಾಗಿ ಬಹಳ ಕಾಲ ಕಾದ ಮೇಲೆ. ಹೆಂಡತಿ ಬಸುರಿಯಿದ್ದಾಗ ಗಂಡ ಜೀವ ತೆಗೆಯಬಾರದು, ಕೋಳಿಯನ್ನೂ ಕುಯ್ಯಬಾರದು ಎನ್ನುವುದು ನಮ್ಮ ಕಡೆಯ ಮಾತು. ರಮೇಶ ಬಲೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದ. ನಾನು ಒಳಗೊಳಗೇ ಖುಷಿಪಟ್ಟೆ; ನನ್ನ ವಿಜ್ಞಾನಕ್ಕೆ ಆಗದ್ದು ಮಂಜುಳಾಳ ಹೊಟ್ಟೆಯಿಂದ ಆಯಿತಲ್ಲ ಎಂದು. ಆದರೆ ಮಾರ್ಗಶಿರದ ಚಳಿ ಬಿತ್ತು. ಅತ್ತೆಗೆ ಉಸಿರು ಎಳೆಯತೊಡಗಿತು. ಮಾತ್ರೆ, ಪಂಪು ಎಲ್ಲವೂ ಇತ್ತು. ಆದರೂ ಅವರು ಮಗನನ್ನು ನೋಡಿ, ಒಂದು ಲೋಟ ಸಾರು ಕುಡಿದಿದ್ದರೆ ಆಗುತ್ತಿತ್ತು ಎಂದರು. ಅವನು ಅಟ್ಟ ಹತ್ತಿದ.

ಬಲೆಗೆ ಬಿದ್ದ ಒಂದು ಬಾತಿನ ಕಾಲಿನಲ್ಲಿ ಉಂಗುರವಿತ್ತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗುಡಿಗೆ ಹೋದರೆ ವಾಚರ್ ಕೂತಿದ್ದಾನೆ, ಎಸೆಯೋಣವೆಂದರೆ ಧೈರ್ಯವಿಲ್ಲ. ಅವನು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಹೋಗಿ ಬಂದು ಮಾಡುತ್ತಿದ್ದ.

ಮಂಜುಳಾಗೆ ದಿನ ತುಂಬುವ ಬಹಳ ಮುಂಚೆಯೇ ನೋವು ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ವಿನೋಬನಗರದ ನರ್ಸಿಂಗ್ ಹೋಮ್ ಒಂದರಲ್ಲಿ ಹೆರಿಗೆಯಾಯಿತು. ಹೆಣ್ಣುಮಗು, ಅಂಗೈಯಷ್ಟಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಡಾಕ್ಟರು ತಮ್ಮಿಂದ ಆಗುವುದನ್ನೆಲ್ಲ ಮಾಡುತ್ತಿದ್ದೇವೆ ಎಂದು ಹೇಳಿ ಹೋದರು. ಬೆಳಗಿನ ಬಿಸಿಲು ವರಾಂಡದೊಳಗೆ ಬಂದಿತ್ತು. ರಮೇಶ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಜೇಬಿನಿಂದ ಉಂಗುರ ತೆಗೆದು ನನ್ನ ಕೈಯಲ್ಲಿಟ್ಟ.

"ಅತ್ತಿಗೆ, ನಾನು ಹೋದ್ರೆ ಹಿಡೀತಾರೆ. ನೀವು ಟೀಚರು, ನಿಮ್ಮನ್ನ ಯಾರೂ ಏನೂ ಕೇಳಲ್ಲ. ಅಮ್ಮಂಗೆ ಹಾಕ್ಬಂದ್ಬಿಡಿ," ಎಂದ.

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಲು ನಾನು ತಕ್ಕವಳೇ. ತರಗತಿಯಲ್ಲಿ ವರ್ಷವಿಡೀ ಹೇಳುವುದು ಅದನ್ನೇ. ಆದರೂ ಅವನ ಮುಖ ನೋಡಿ, ಉಂಗುರವನ್ನು ಪರ್ಸಿನಲ್ಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ.

ಗುಡಿಯ ಮುಂದೆ ಹುಂಡಿಯೇ ಇರಲಿಲ್ಲ. ಕೇಸು ಗೀಸು ಎಂದು ಹೆದರಿದ ಸಮಿತಿಯವರು ಅದನ್ನು ಊರೊಳಗಿನ ದೇವಸ್ಥಾನಕ್ಕೆ ಸಾಗಿಸಿ, ನೋಟು ಮಾತ್ರ ತೂರುವಷ್ಟು ಬಾಯಿ ಉಳಿಸಿ, ಮೇಲೊಂದು ಕ್ಯಾಮೆರಾ ಹಾಕಿಸಿದ್ದರು. ವಾಚರ್ ನನ್ನನ್ನು ನೋಡಿ ಮರ್ಯಾದೆಯಿಂದ ಎದ್ದು ನಿಂತ. ತಿಮ್ಮಣ್ಣ ಗದ್ದೆಯಲ್ಲಿದ್ದರು. ಕೆಳಗಿಳಿದು ಹೋಗಿ, ಯಾರದ್ದೆಂದು ಕೇಳಬೇಡಿ, ಮಗು ಆಸ್ಪತ್ರೆಯಲ್ಲಿದೆ, ಇದನ್ನು ಹೇಗಾದರೂ ಅಮ್ಮನ ಪಾದಕ್ಕೆ ಮುಟ್ಟಿಸಿ ಎಂದೆ. ಅವರು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು.

"ಬ್ಯಾಡ ತಾಯಿ. ನನ್ ಕೈಗೆ ಕೊಡಬ್ಯಾಡಿ. ಕೊಟ್ಟೋರ ಹೆಸರು ನಂಗೊತ್ತಿಲ್ಲ ಅಂತ ಇನ್ನೊಂದ್ಸಲ ಹೇಳೋಕೆ ನನ್ನಿಂದ ಆಗಲ್ಲ," ಎಂದರು.

ಅವರ ಕಣ್ಣಲ್ಲಿ ನೀರಿತ್ತು. ನಾನು ಮತ್ತೆ ಏರಿ ಹತ್ತಿ ಗುಡಿಯ ಮುಂದೆ ಕೈ ಮುಗಿದು ನಿಂತೆ. ಉಂಗುರವನ್ನು ಹೂವಿನ ನಡುವೆ ಇಟ್ಟು ಬರೋಣವೆಂದರೆ ವಾಚರ್ ನೋಡುತ್ತಲೇ ಇದ್ದ. ನಾನು ಹೋದ ಮೇಲೆ ಅವನಿಗೆ ಸಿಕ್ಕರೆ, ನನ್ನ ಮನೆಗೆ ಬಂದರೆ, ನನ್ನ ಮನೆಯ ಅಟ್ಟದಲ್ಲೇ ಬಲೆ ಇದೆ. ಇಷ್ಟೆಲ್ಲ ಲೆಕ್ಕ ಹಾಕಿ ಕೈಮುಗಿಯುವವಳ ಪೂಜೆ ಯಾವ ದೇವರಿಗೆ ಬೇಕು? ಹೊರಟುಬಂದೆ.

ಬಸ್‌ಸ್ಟಾಪಿನಿಂದ ವಸುಧಾಳಿಗೆ ಫೋನ್ ಮಾಡಿದೆ. ಅವಳ ಯೋಜನೆ ಬೇಸಿಗೆಯಲ್ಲೇ ಮುಗಿದಿತ್ತು. ದಾವಣಗೆರೆಯಲ್ಲಿ ಕಾಲೇಜೊಂದರಲ್ಲಿ ಪಾಠ ಮಾಡಿಕೊಂಡಿದ್ದಳು. ಸಂಖ್ಯೆ ಓದಿದೆ. ಆ ಕರಪತ್ರಕ್ಕೆ, ಆ ಎಲ್ಲ ಕಾಯುವಿಕೆಗೆ, ಹಿಡಿದವನ ಕಡೆಯಿಂದ ಬಾಯಿಮಾತಿನಲ್ಲಿ ಬಂದ ಸುದ್ದಿ ಅದೊಂದೇ. ಆಚೆ ಕಡೆ ಪುಟ ಮಗುಚುವ ಸದ್ದು ಕೇಳಿತು.

"ಇದು ನಂದೇ ಕಣೇ. ಇದೇ ಕೆರೇಲಿ ಹಾಕಿದ್ದು. ಹೋಗಿ ಬಂದು, ಹೋಗಿ ಬಂದು ಮಾಡಿದೆ ನೋಡು," ಎಂದಳು.

ಆಮೇಲೆ ವಿಷಯಕ್ಕೆ ಬಂದಳು. ತನ್ನ ಲೆಕ್ಕ ಮುಚ್ಚಿ ಕಳಿಸಿಯಾಗಿದೆ, ಅದಕ್ಕೆ ಇನ್ನು ಏನೂ ಸೇರಿಸಲಾಗದು. ದೇಶದ ಎಲ್ಲ ಉಂಗುರಗಳ ದೊಡ್ಡ ಪಟ್ಟಿ ಇಡುವವರಿಗೆ ಸಂಖ್ಯೆ ಕಳಿಸಬಹುದು. ಆದರೆ ಎಲ್ಲಿ ಸಿಕ್ಕಿತು, ಹೇಗೆ ಸತ್ತಿತ್ತು, ತಿಳಿಸಿದವರು ಯಾರು ಎಂದು ಬರೆಯಬೇಕು. ಏನಂತ ಬರೀಲಿ ಹೇಳು ಎಂದಳು. ಅವಳು ನನ್ನನ್ನು ಒತ್ತಾಯಿಸಲಿಲ್ಲ, ಯಾರು ಹಿಡಿದದ್ದೆಂದೂ ಕೇಳಲಿಲ್ಲ. ಬಸ್ಸು ಬಂದು ನಿಂತಿತ್ತು. ಬೇಡ ಬಿಡು, ಏನೂ ಬರೆಯಬೇಡ ಎಂದೆ. ಯಾರೂ ಹೇಳುವುದಿಲ್ಲ ಎಂದು ಬರೆದುಕೊಡುತ್ತೇನೆ ಅಂದಿದ್ದವಳು ನಾನೇ ಅಲ್ಲವೇ. ಆ ಸಾಲಿಗೆ ನಾನೂ ಸೇರಿದೆ.

ನರ್ಸಿಂಗ್ ಹೋಮಿಗೆ ಬಂದಾಗ ರಮೇಶ ಗಾಜಿನ ಕಿಟಕಿಯ ಹತ್ತಿರ ನಿಂತಿದ್ದ. ಹುಂಡಿ ಅಲ್ಲಿಲ್ಲ, ತಿಮ್ಮಣ್ಣ ಒಪ್ಪಲಿಲ್ಲ, ವಸುಧಾಳಿಗೆ ಫೋನಿನಲ್ಲಿ ನಂಬರು ಹೇಳಿದೆ ಎಂದೆ. ಅಷ್ಟೂ ನಿಜವೇ. ಅವನು ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿದ.

"ಹಾಗಾದ್ರೆ ಅವರ ಲೆಕ್ಕಕ್ಕಾದ್ರೂ ಸೇರ್ತಾ ಅತ್ತಿಗೆ?"

"ಸೇರ್ತು," ಎಂದೆ.

ಮಗು ಮರುದಿನ ಬೆಳಿಗ್ಗೆ ಹೋಯಿತು.

ಸಂಸ್ಕಾರ ಮುಗಿಸಿ ಬಂದ ಮೇಲೆ ಮಂಜುಳಾ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು. ನಾನು ಅಡುಗೆಮನೆಯಲ್ಲಿ ಅವಳಿಗೆ ಗಂಜಿ ಮಾಡುತ್ತಿದ್ದೆ. ಅತ್ತೆ ನಡುಮನೆಯಲ್ಲಿ ಕೂತು ಕೆಮ್ಮುತ್ತಾ, ಯಾರನ್ನೂ ಉದ್ದೇಶಿಸದೆ, ದೇವರಿಗೆ ಒಪ್ಪಿಸಬೇಕಾದ್ದನ್ನು ಫೋನಿಗೆ ಒಪ್ಪಿಸಿದರೆ ಇನ್ನೇನಾಗುತ್ತದೆ ಎಂದರು. ಸಾರು ಕೇಳಿದವರು ತಾವೇ ಎಂಬುದು ಅವರಿಗೂ ಗೊತ್ತಿತ್ತು. ಅದಕ್ಕೇ ಆ ಮಾತು ಅಷ್ಟು ಚೂಪಾಗಿ ಬಂದಿರಬೇಕು. ನನಗೆ ಸಿಟ್ಟು ಬರಲಿಲ್ಲ.

ಬಾಗಿಲಲ್ಲಿ ಕೂತಿದ್ದ ರಮೇಶ ತಲೆ ಎತ್ತಿದ.

"ಸುಮ್ನಿರಮ್ಮ. ಅತ್ತಿಗೆ ಹೋಗಿ ಲೆಕ್ಕಕ್ಕೆ ಸೇರ್ಸಿ ಬಂದಿದಾರೆ. ಅಷ್ಟು ಮಾಡೋರು ಯಾರಿದಾರೆ ನಮಗೆ?"

ನಾನು ಗಂಜಿ ಕಲಕುತ್ತಲೇ ಇದ್ದೆ.